ಲಿವರ್‌ಪೂಲ್ ಬಂದರು: ಡಾಕ್‌ಗಳ ಬೆಳವಣಿಗೆ ಮತ್ತು ಕಾಯುವಿಕೆಯ ಚರಿತ್ರೆ

ಹಡಗು ತಂಗುವ ಎಡೆಯನ್ನು ಹೇಳಲು ಕನ್ನಡದಲ್ಲಿ ಬಂದರು, ರೇವು, ದಕ್ಕೆ ಎಂಬ ಮೂರು ಪದಗಳು ಬಳಕೆಯಲ್ಲಿವೆ. ಬಂದರು ಎಂಬುದು ಪಾರಸಿ ಮೂಲದ್ದು. ರೇವು ಹೊಳೆಯ ದಡದ ಇಳಿದಾಣಕ್ಕೂ ಸಲ್ಲುವ ಪದ. ಮಂಗಳೂರಿನ ಹಳೆಯ ಬಂದರಿನಲ್ಲಿ ಮೀನನ್ನೂ ಸರಕನ್ನೂ ಇಳಿಸುವ ಕಟ್ಟೆಗೆ ದಕ್ಕೆ ಎಂದು ಹೆಸರು. ಇಂಗ್ಲಿಷಿನ ಡಾಕ್ ಎಂಬ ಪದವನ್ನು ಹಡಗುಕಟ್ಟೆ ಎಂದು ಅನುವಾದಿಸುವುದುಂಟು. ಆದರೆ ಕಟ್ಟೆ ಎಂಬುದು ನೀರಿನ ಅಂಚು. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಡಾಕ್ ಎಂದರೆ ಕಟ್ಟೆಗಳು ಸುತ್ತುವರಿದು, ಬಾಗಿಲು ಹಾಕಿ ಹಿಡಿದಿಟ್ಟ ನೀರು. ಅದಕ್ಕೆ ಕನ್ನಡದಲ್ಲಿ ಪದವಿಲ್ಲದಿರುವುದಕ್ಕೆ ಭೂಗೋಳದ ಕಾರಣವೊಂದಿದೆ. ಕರ್ನಾಟಕದ ಕರಾವಳಿಯಲ್ಲಿ ಕಡಲಿನ ಉಬ್ಬರಕ್ಕೂ ಇಳಿತಕ್ಕೂ ನಡುವಣ ಅಂತರ ಎರಡು ಮೀಟರಿನ ಆಸುಪಾಸಿನಲ್ಲಿಯೇ ಉಳಿಯುತ್ತದೆ. ಲಿವರ್‌ಪೂಲ್ ನಿಂತಿರುವ ಮರ್ಸಿ ನದಿಯ ಅಳಿವೆಯಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಉಬ್ಬರದ ದಿನಗಳಂದು ಈ ಅಂತರ ಒಂಬತ್ತು ಹತ್ತು ಮೀಟರುಗಳಷ್ಟಾಗುತ್ತದೆ. ಮೂರಂತಸ್ತಿನ ಮನೆಯೆತ್ತರದ ನೀರು ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುವ ಇಂಥ ಕಡೆ ಕೇವಲ ಕಟ್ಟೆ ಕಟ್ಟಿದರೆ ಪ್ರಯೋಜನವಿಲ್ಲ. ಬೆಳಿಗ್ಗೆ ಕಟ್ಟೆಗೆ ಒರಗಿ ನಿಂತ ಹಡಗು ಮಧ್ಯಾಹ್ನದ ಹೊತ್ತಿಗೆ ಕೆಸರಿನಲ್ಲಿ ವಾಲಿ ಬಿದ್ದಿರುತ್ತದೆ.

ಲಿವರ್‌ಪೂಲ್ ಡಾಕ್‌ಗಳ ಚರಿತ್ರೆಯನ್ನು ಎಂಜಿನಿಯರುಗಳ ಸಾಧನೆಯ ಚರಿತ್ರೆಯಾಗಿ ಬರೆಯುವುದು ರೂಢಿ. ಆ ಸಾಧನೆ ನಿಜವಾದುದೇ. ಆದರೆ ಈ ಕಟ್ಟಡಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದಾಗ, ಅವೆಲ್ಲವೂ ಕಾಯುವಿಕೆ ಎಂಬ ಒಂದೇ ಸಮಸ್ಯೆಗೆ ಬೇರೆ ಬೇರೆ ಕಾಲದಲ್ಲಿ ಕೊಟ್ಟ ಉತ್ತರಗಳೆಂಬುದು ಕಂಡುಬರುತ್ತದೆ. ಹಡಗು ಉಬ್ಬರಕ್ಕಾಗಿ ಕಾಯಬೇಕಾಗಿತ್ತು. ಸರಕು ಬೆಲೆಗಾಗಿ ಕಾಯಬೇಕಾಗಿತ್ತು. ಸರಕನ್ನು ಇಳಿಸುವ ಹಮಾಲನು ಕೂಲಿಯ ಕರೆಗಾಗಿ ಕಾಯಬೇಕಾಗಿತ್ತು. ಮೊದಲನೆಯದು 1715ರಲ್ಲಿಯೂ ಎರಡನೆಯದು 1846ರಲ್ಲಿಯೂ ಪರಿಹಾರ ಕಂಡವು. ಮೂರನೆಯದು 1967ರವರೆಗೆ ಉಳಿದುಬಂದಿತು. ಈ ಅಂತರವೇ ಪ್ರಸ್ತುತ ಲೇಖನದ ವಿಷಯ.

ನೀರನ್ನು ಹಿಡಿದ ಕೊಳ

ದೊರೆ ಜಾನ್ 1207ರಲ್ಲಿ ಲಿವರ್‌ಪೂಲನ್ನು ಪಟ್ಟಣವೆಂದು ಮನ್ನಿಸಿ ಸನ್ನದು ಕೊಟ್ಟಾಗ ಅದು ಮರ್ಸಿಗೆ ಸೇರುವ ಒಂದು ಸಣ್ಣ ಉಬ್ಬರದ ಹಳ್ಳದ ದಡದಲ್ಲಿದ್ದ ಊರು. ಊರ ಹೆಸರಿನಲ್ಲಿ ಉಳಿದಿರುವ 'ಪೂಲ್' ಆ ಹಳ್ಳವೇ. ಮುಂದಿನ ನಾಲ್ಕು ಶತಮಾನಗಳಲ್ಲಿ ಐರ್ಲೆಂಡಿನೊಡನೆ ನಡೆದ ಸಾಧಾರಣ ವ್ಯಾಪಾರವನ್ನು ಬಿಟ್ಟರೆ ಹೇಳಿಕೊಳ್ಳುವಂಥದು ಹೆಚ್ಚೇನೂ ಇರಲಿಲ್ಲ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ತಂಬಾಕು ಮತ್ತು ವೆಸ್ಟ್ ಇಂಡೀಸಿನ ಸಕ್ಕರೆ ಬರತೊಡಗಿದ ಮೇಲೆ ಹಳ್ಳದ ಕೆಸರು ಪಟ್ಟಣದ ವರ್ತಕರಿಗೆ ಸಮಸ್ಯೆಯಾಗಿ ಕಂಡಿತು.

ಪರಿಹಾರವನ್ನು ರೂಪಿಸಿದವನು ಥಾಮಸ್ ಸ್ಟಿಯರ್ಸ್ ಎಂಬ ಎಂಜಿನಿಯರು. ಲಂಡನ್ನಿನ ರಾದರ್‌ಹೈತ್‌ನಲ್ಲಿ ಹೌಲಂಡ್ ಡಾಕ್ ಎಂಬುದೊಂದು ಆಗಲೇ ಇದ್ದಿತು. ಆದರೆ ಅದು ಹಡಗುಗಳು ಗಾಳಿಯಿಂದ ಮರೆಯಾಗಿ ತಂಗಲು, ಸಜ್ಜಾಗಲು ಇದ್ದ ಕೊಳ. ಅಲ್ಲಿ ಸರಕು ಇಳಿಸುವ ಏರ್ಪಾಡಿರಲಿಲ್ಲ. ಲಿವರ್‌ಪೂಲ್‌ನ ನಗರಸಭೆಯು 1709ರ ಶಾಸನದ ಬಲದಿಂದ ಹಳ್ಳದ ಬಾಯಿಯನ್ನೇ ಕೊಳವನ್ನಾಗಿ ಕಟ್ಟಿಸಿತು. ಮರಳುಗಲ್ಲಿನ ಹಾಸುಬಂಡೆಯ ಮೇಲೆ ನೇರವಾಗಿ ಇಟ್ಟಿಗೆಯ ಗೋಡೆಗಳನ್ನೆಬ್ಬಿಸಿ, ನದಿಯ ಕಡೆಗೆ ಬಾಗಿಲನ್ನಿರಿಸಲಾಯಿತು. ಉಬ್ಬರ ತುಂಬಿದಾಗ ಬಾಗಿಲನ್ನು ತೆರೆದು ಹಡಗುಗಳನ್ನು ಒಳಗೆ ಬಿಟ್ಟುಕೊಳ್ಳುವುದು, ಇಳಿತ ತೊಡಗುವ ಮುನ್ನ ಮುಚ್ಚುವುದು. ಹೊರಗೆ ನದಿ ಎಷ್ಟೇ ಇಳಿದರೂ ಒಳಗಿನ ಹಡಗು ಕಟ್ಟೆಯ ಮಟ್ಟದಲ್ಲಿಯೇ ತೇಲುತ್ತಿರುತ್ತದೆ. 1715ರ ಆಗಸ್ಟ್ 31ರಂದು ಇದು ತೆರೆಯಿತು. ಸುಮಾರು ಮೂರೂವರೆ ಎಕರೆಯ, ನೂರು ಹಡಗುಗಳು ಹಿಡಿಯಬಹುದಾಗಿದ್ದ ಈ ಓಲ್ಡ್ ಡಾಕ್, ವಾಣಿಜ್ಯಕ್ಕಾಗಿಯೇ ಕಟ್ಟಿದ ಬಾಗಿಲುಳ್ಳ ಡಾಕ್‌ಗಳಲ್ಲಿ ಜಗತ್ತಿನ ಮೊದಲನೆಯದೆಂದು ಪರಿಗಣಿತವಾಗಿದೆ.

ಕನ್ನಡ ಓದುಗರಿಗೆ ಇದರ ತತ್ತ್ವ ಹೊಸದಲ್ಲ. ಏರಿಯನ್ನು ಕಟ್ಟಿ, ತೂಬನ್ನು ಇರಿಸಿ, ಮಳೆಗಾಲದ ನೀರನ್ನು ಬೇಸಗೆಗೆ ಹಿಡಿದಿಡುವ ಕೆರೆಯ ತತ್ತ್ವವೇ ಇಲ್ಲಿ ಕಡಲಿಗೆ ಅನ್ವಯವಾಗಿದೆ. ಕೆರೆಯು ಋತುವನ್ನು ಹಿಡಿದಿಟ್ಟರೆ ಡಾಕ್ ಆರು ಗಂಟೆಗಳ ಉಬ್ಬರವನ್ನು ಹಿಡಿದಿಡುತ್ತದೆ. ನಿರ್ವಹಣೆಯ ಬಗೆಯಲ್ಲಿಯೂ ಒಂದು ಹೋಲಿಕೆಯನ್ನು ಗುರುತಿಸಬಹುದು. ಶಾಸನಗಳು ಹೇಳುವ ಬಿತ್ತುವಟ್ಟದಲ್ಲಿ ಕೆರೆಯ ಫಲದ ಒಂದಂಶವು ಕೆರೆಯ ಪಾಲನೆಗೇ ಮೀಸಲಾದಂತೆ, ಡಾಕ್ ಹೊಕ್ಕ ಹಡಗುಗಳು ತೆತ್ತ ಸುಂಕವು ಡಾಕ್‌ಗಳಿಗೇ ಹೋಗುತ್ತಿತ್ತು. ಒಂದು ಡಾಕಿನ ವರಮಾನ ಮುಂದಿನ ಡಾಕಿಗೆ ಆಧಾರವಾಯಿತು. ಸಾಲ್ಟ್‌ಹೌಸ್ ಡಾಕ್ (1753), ಜಾರ್ಜಸ್ ಡಾಕ್ (1771), ಕಿಂಗ್ಸ್ ಡಾಕ್ (1788), ಕ್ವೀನ್ಸ್ ಡಾಕ್ (1796) ಎಂದು ಸರಣಿಯೇ ಬೆಳೆಯಿತು. ಸ್ಟಿಯರ್ಸ್‌ನ ನಂತರ ಬಂದ ಹೆನ್ರಿ ಬೆರಿ 1757ರಲ್ಲಿ ಸ್ಯಾಂಕಿ ಕಾಲುವೆಯನ್ನು ತೋಡಿಸಿ ಒಳನಾಡಿನ ಕಲ್ಲಿದ್ದಲನ್ನು ಮರ್ಸಿಗೆ ತಂದನು.

ಹೋಲಿಕೆ ಇಲ್ಲಿಗೆ ನಿಲ್ಲಬೇಕು. ಕೆರೆಯ ನೀರು ಗದ್ದೆಗೆ ಹೋಗುತ್ತಿತ್ತು. ಈ ಕೊಳದಿಂದ ಹೊರಟ ಹಡಗುಗಳಲ್ಲಿ ಹಲವು ಬಟ್ಟೆ, ತಾಮ್ರ, ಬಂದೂಕುಗಳನ್ನು ತುಂಬಿಕೊಂಡು ಪಶ್ಚಿಮ ಆಫ್ರಿಕಕ್ಕೆ ಹೋಗುತ್ತಿದ್ದವು. ಅಲ್ಲಿ ಅವುಗಳಿಗೆ ಬದಲಾಗಿ ಮನುಷ್ಯರನ್ನು ಕೊಂಡು ಅಟ್ಲಾಂಟಿಕ್ ದಾಟಿ ಮಾರಿ, ಸಕ್ಕರೆ, ತಂಬಾಕು, ಹತ್ತಿಗಳೊಡನೆ ಮರಳುತ್ತಿದ್ದವು. ಹದಿನೆಂಟನೆಯ ಶತಮಾನದ ಕೊನೆಗೆ ಬ್ರಿಟನ್ನಿನ ಗುಲಾಮ ವ್ಯಾಪಾರದ ಬಹುಪಾಲು ಲಿವರ್‌ಪೂಲ್‌ನ ಕೈಯಲ್ಲಿತ್ತು. ಇಲ್ಲಿಯ ಹಡಗುಗಳು ಒಟ್ಟು ಸುಮಾರು 15 ಲಕ್ಷ ಆಫ್ರಿಕನ್ನರನ್ನು ಸಾಗಿಸಿದವೆಂದು ಇತಿಹಾಸಕಾರರು ಅಂದಾಜು ಮಾಡಿದ್ದಾರೆ. ಈ ವ್ಯಾಪಾರದಲ್ಲಿ ಮನುಷ್ಯರು ಲಿವರ್‌ಪೂಲ್‌ನ ಕಟ್ಟೆಯ ಮೇಲೆ ಹೆಚ್ಚಾಗಿ ಕಾಣಿಸಿಕೊಳ್ಳಲೇ ಇಲ್ಲ. ಕಂಡದ್ದು ಸಕ್ಕರೆಯ ಪೀಪಾಯಿಗಳು ಮಾತ್ರ. ವಾರಗಟ್ಟಲೆ ಹಿಡಿಯುತ್ತಿದ್ದ ಸರಕು ಇಳಿಕೆಯನ್ನು ಡಾಕ್ ಕೆಲವೇ ದಿನಗಳಿಗೆ ಇಳಿಸಿತು ಎಂಬ ಹೆಮ್ಮೆಯ ಮಾತನ್ನು ಓದುವಾಗ, ಅದೇ ಹಡಗುಗಳು ಆಫ್ರಿಕದ ತೀರದಲ್ಲಿ ಸೆರೆಯಾಳುಗಳು ತುಂಬುವವರೆಗೆ ತಿಂಗಳುಗಟ್ಟಲೆ ನಿಲ್ಲುತ್ತಿದ್ದುದನ್ನೂ, ಮೊದಲು ಕೊಂಡವರು ಆ ತಿಂಗಳುಗಳನ್ನು ಹಡಗಿನ ತಳದಲ್ಲಿ ಕಳೆಯುತ್ತಿದ್ದುದನ್ನೂ ಜೊತೆಗಿಟ್ಟು ಓದಬೇಕಾಗುತ್ತದೆ.

1807ರಲ್ಲಿ ಪಾರ್ಲಿಮೆಂಟು ಗುಲಾಮ ವ್ಯಾಪಾರವನ್ನು ನಿಷೇಧಿಸಿತು. ಲಿವರ್‌ಪೂಲ್‌ನ ಪ್ರತಿನಿಧಿಯಾಗಿದ್ದ ವಿಲಿಯಂ ರಾಸ್ಕೊ ನಿಷೇಧದ ಪರವಾಗಿ ಮತ ಹಾಕಿ ತನ್ನ ಊರಿನವರ ಕೋಪಕ್ಕೆ ಗುರಿಯಾದನು. ಪಟ್ಟಣ ಇದರಿಂದ ಹಾಳಾಗುವುದೆಂಬ ಭೀತಿ ವ್ಯಾಪಕವಾಗಿತ್ತು. ಹಾಳಾಗಲಿಲ್ಲ. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಬೇಕಾದ ಹತ್ತಿ ಅಮೆರಿಕದ ದಕ್ಷಿಣದ ರಾಜ್ಯಗಳಿಂದ ಬರತೊಡಗಿತ್ತು, ಅದನ್ನು ಬೆಳೆಯುತ್ತಿದ್ದವರು ಗುಲಾಮರೇ. ಮನುಷ್ಯರ ಸಾಗಣೆ ನಿಂತಿತು. ಅವರ ದುಡಿಮೆಯ ಸಾಗಣೆ ಇನ್ನೂ ಅರ್ಧ ಶತಮಾನಕ್ಕೂ ಮೀರಿ ನಡೆಯಿತು.

ಗೋಡೆ ಮತ್ತು ಗೋದಾಮು

1824ರಲ್ಲಿ ಡಾಕ್‌ಗಳ ಎಂಜಿನಿಯರಾಗಿ ನೇಮಕಗೊಂಡ ಜೆಸ್ಸಿ ಹಾರ್ಟ್ಲಿ 1860ರಲ್ಲಿ ಸಾಯುವವರೆಗೆ ಆ ಹುದ್ದೆಯಲ್ಲಿದ್ದನು. ಇಂದು ಲಿವರ್‌ಪೂಲ್ ಡಾಕ್ ಎಂದೊಡನೆ ಕಣ್ಣಿಗೆ ಬರುವ ರೂಪ ಅವನದೇ. ಸ್ಕಾಟ್ಲೆಂಡಿನ ಕಣಶಿಲೆಯನ್ನು ತರಿಸಿ, ಅಳತೆಯಿಲ್ಲದ ದೊಡ್ಡ ಕಲ್ಲುಗಳ ನಡುವೆ ಸಣ್ಣ ಕಲ್ಲುಗಳನ್ನು ಬಿರುಕು ಕಾಣದಂತೆ ಹೊಂದಿಸುವ ಅವನ ಕಟ್ಟುಗಾರಿಕೆ ವಿಶಿಷ್ಟವಾದುದು. 1848ರ ಆಗಸ್ಟ್ 4ರ ಒಂದೇ ದಿನ ಸಾಲ್ಸ್‌ಬರಿ, ಕಾಲಿಂಗ್‌ವುಡ್, ಸ್ಟ್ಯಾನ್ಲಿ, ನೆಲ್ಸನ್, ಬ್ರಾಮ್ಲಿ-ಮೂರ್ ಎಂಬ ಅವನ ಐದು ಡಾಕ್‌ಗಳು ತೆರೆದವು.

ನೀರಿನ ಸಮಸ್ಯೆ ತೀರಿದ ಮೇಲೆ ಉಳಿದದ್ದು ಕಳ್ಳತನ ಮತ್ತು ಬೆಂಕಿ. ಸರಕು ಕಟ್ಟೆಯಿಂದ ಊರೊಳಗಿನ ಖಾಸಗಿ ಗೋದಾಮುಗಳಿಗೆ ಬಂಡಿಗಳಲ್ಲಿ ಹೋಗುತ್ತಿತ್ತು. ದಾರಿಯಲ್ಲಿ ಸೋರಿಕೆ ಸಾಮಾನ್ಯ. ಆ ಗೋದಾಮುಗಳ ತೊಲೆ, ಜಂತೆಗಳು ಮರದವು. 1842ರ ಸೆಪ್ಟೆಂಬರಿನಲ್ಲಿ ಫಾರ್ಮ್‌ಬಿ ಬೀದಿಯಲ್ಲಿ ಹತ್ತಿದ ಬೆಂಕಿ ಗೋದಾಮುಗಳ ಸಾಲನ್ನೇ ಸುಟ್ಟಿತು. ಆ ಹೊತ್ತಿಗೆ ಕಟ್ಟಡ ಆರಂಭವಾಗಿದ್ದ, 1846ರಲ್ಲಿ ರಾಣಿ ವಿಕ್ಟೋರಿಯಳ ಪತಿ ಆಲ್ಬರ್ಟ್ ರಾಜಕುಮಾರ ಉದ್ಘಾಟಿಸಿದ ಆಲ್ಬರ್ಟ್ ಡಾಕ್ ಈ ಎರಡಕ್ಕೂ ಉತ್ತರವಾಗಿತ್ತು. ನೀರಿನಂಚಿಗೇ ತಾಗಿದಂತೆ ಐದಂತಸ್ತಿನ ಗೋದಾಮುಗಳು. ಎರಕದ ಕಬ್ಬಿಣದ ಕಂಬಗಳು, ಇಟ್ಟಿಗೆಯ ಕಮಾನುಗಳು, ಕಬ್ಬಿಣದ ತಗಡುಗಳನ್ನು ರಿವೆಟ್ ಹೊಡೆದು ಕೂಡಿಸಿದ ಮಾಡು. ರಚನೆಯ ಭಾರ ಹೊರುವ ಕಡೆ ಮರವೇ ಇಲ್ಲ. 1848ರಲ್ಲಿ ನೀರಿನ ಒತ್ತಡದಿಂದ ನಡೆಯುವ ಎತ್ತುಯಂತ್ರಗಳನ್ನೂ ಇಲ್ಲಿ ಅಳವಡಿಸಲಾಯಿತು.

ಆಲ್ಬರ್ಟ್ ಡಾಕಿನ ನಿಜವಾದ ಮಹತ್ವವು ಕಟ್ಟಡದಲ್ಲಿ ಇರುವಷ್ಟೇ ಸುಂಕದ ವ್ಯವಸ್ಥೆಯಲ್ಲಿಯೂ ಇದೆ. ಇಂಥ ಸರ್ಕಾರಿ ಕಾವಲಿನ ಗೋದಾಮಿನಲ್ಲಿಟ್ಟ ಚಹಾ, ರೇಷ್ಮೆ, ತಂಬಾಕು, ಸಕ್ಕರೆಗಳಿಗೆ ವರ್ತಕನು ಸುಂಕವನ್ನು ಕೂಡಲೇ ಕಟ್ಟಬೇಕಾಗಿರಲಿಲ್ಲ. ಹೊರಗೆ ತೆಗೆಯುವಾಗ ಕಟ್ಟಿದರೆ ಸಾಕು. ಸರಕನ್ನು ಅಲುಗಿಸದೆ ಅದರ ಹಕ್ಕುಪತ್ರವನ್ನು ಮಾರಬಹುದಾಗಿತ್ತು, ಒತ್ತೆಯಿಡಬಹುದಾಗಿತ್ತು. ಬೆಲೆ ಏರುವವರೆಗೆ ಸರಕು ಕಾಯಬಲ್ಲುದಾಯಿತು, ಆ ಕಾಯುವಿಕೆ ಲಾಭಕರವೂ ಆಯಿತು. ಡಾಕ್‌ಗಳ ಸುತ್ತ ಹಾರ್ಟ್ಲಿ ಎಬ್ಬಿಸಿದ ಹದಿನೆಂಟು ಅಡಿ ಎತ್ತರದ ಕಲ್ಲಿನ ಗೋಡೆ ಈ ಏರ್ಪಾಡಿನ ಅಂಗ. ಕನ್ನಡದ 'ಕಾಯು' ಧಾತುವಿಗೆ ನಿರೀಕ್ಷಿಸು ಎಂದೂ ಕಾಪಾಡು ಎಂದೂ ಅರ್ಥವುಂಟಷ್ಟೆ. ಆ ಗೋಡೆಯೊಳಗೆ ಎರಡೂ ಅರ್ಥಗಳು ಒಟ್ಟಿಗೆ ನೆಲೆಸಿದ್ದವು.

ಇಷ್ಟಾದರೂ ಆಲ್ಬರ್ಟ್ ಡಾಕ್ ಬೇಗನೆ ಹಳತಾಯಿತು. ಅದನ್ನು ಅಳತೆ ಮಾಡಿದ್ದು ಹಾಯಿಹಡಗುಗಳಿಗೆ; ಉಗಿಹಡಗುಗಳು ಅದರ ಬಾಗಿಲಿಗಿಂತ ಬೇಗ ಬೆಳೆದವು. ಡಾಕ್‌ಗಳ ಸಾಲು ಆಳವಾದ ನೀರನ್ನು ಅರಸಿ ಉತ್ತರಕ್ಕೆ ಸರಿಯುತ್ತ ಹೋಯಿತು. 1927ರಲ್ಲಿ ಗ್ಲ್ಯಾಡ್‌ಸ್ಟನ್ ಡಾಕ್ ಪೂರ್ಣಗೊಂಡಾಗ ಲಿವರ್‌ಪೂಲ್ ದಡದ ಸಾಲು ಏಳು ಮೈಲಿಗೂ ಉದ್ದವಾಗಿತ್ತು. ನಡುವೆ ಆಡಳಿತವೂ ಬದಲಾಗಿತ್ತು. ತಮ್ಮ ಹತ್ತಿಯ ಮೇಲೆ ಲಿವರ್‌ಪೂಲ್ ನಗರಸಭೆ ವಸೂಲು ಮಾಡುತ್ತಿದ್ದ ತೆರಿಗೆಯ ವಿರುದ್ಧ ಮ್ಯಾಂಚೆಸ್ಟರಿನ ವರ್ತಕರು ನಡೆಸಿದ ಹೋರಾಟದ ಫಲವಾಗಿ, 1858ರಲ್ಲಿ ನದಿಯ ಎರಡೂ ದಡಗಳ ಡಾಕ್‌ಗಳು ಮರ್ಸಿ ಡಾಕ್ಸ್ ಅಂಡ್ ಹಾರ್ಬರ್ ಬೋರ್ಡ್ ಎಂಬ ಸ್ವತಂತ್ರ ಮಂಡಳಿಗೆ ಸೇರಿದವು. ಮ್ಯಾಂಚೆಸ್ಟರಿಗೆ ಅದರಿಂದಲೂ ಸಮಾಧಾನವಾಗಲಿಲ್ಲ. 1894ರಲ್ಲಿ ಅದು 36 ಮೈಲಿಯ ಹಡಗು ಕಾಲುವೆಯನ್ನು ತೆರೆದು ಲಿವರ್‌ಪೂಲನ್ನು ಬಳಸಿ ನೇರವಾಗಿ ಕಡಲಿಗೆ ಹೋಯಿತು.

ಕುಮಟಾದ ಹತ್ತಿ

ಈ ಡಾಕ್‌ಗಳಿಗೂ ಕನ್ನಡ ನಾಡಿಗೂ ಇದ್ದ ಸಂಬಂಧ ಪರೋಕ್ಷವಾದುದಾದರೂ ಕಾಲ್ಪನಿಕವಾದುದಲ್ಲ. ಭಾರತದೊಡನೆ ವ್ಯಾಪಾರ ಮಾಡಲು ಈಸ್ಟ್ ಇಂಡಿಯಾ ಕಂಪನಿಗೆ ಇದ್ದ ಏಕಸ್ವಾಮ್ಯವನ್ನು 1813ರಲ್ಲಿ ರದ್ದುಪಡಿಸಿದ ಮರುವರ್ಷವೇ ಜಾನ್ ಗ್ಲ್ಯಾಡ್‌ಸ್ಟನ್‌ನ ಕಿಂಗ್ಸ್‌ಮಿಲ್ ಎಂಬ ಹಡಗು ಲಿವರ್‌ಪೂಲ್‌ನಿಂದ ಕಲ್ಕತ್ತೆಗೆ ಹೊರಟಿತು. ಮುಂದೆ 1861ರಲ್ಲಿ ಅಮೆರಿಕದ ಅಂತರ್ಯುದ್ಧ ತೊಡಗಿ ದಕ್ಷಿಣದ ರೇವುಗಳಿಗೆ ದಿಗ್ಬಂಧನವಾದಾಗ ಲಂಕಾಶೈರಿನ ಗಿರಣಿಗಳು ಹತ್ತಿಯಿಲ್ಲದೆ ನಿಂತವು. ಲಿವರ್‌ಪೂಲ್ ದಲ್ಲಾಳಿಗಳ ಕಣ್ಣು ಬೊಂಬಾಯಿಯ ಮೇಲೆ ಬಿದ್ದಿತು.

ಬೊಂಬಾಯಿಯಿಂದ ಬಂದ ಹತ್ತಿಗೆಲ್ಲ ಲಂಕಾಶೈರಿನಲ್ಲಿ ಸೂರತ್ ಎಂಬ ಒಂದೇ ಹೆಸರು. ಎಳೆ ಗಿಡ್ಡ, ಎಲೆಕಸದ ಬೆರಕೆ ಹೆಚ್ಚು ಎಂಬ ಕಾರಣಕ್ಕೆ ಆ ಹೆಸರು ಕಾರ್ಮಿಕರ ಬಾಯಲ್ಲಿ ಕಳಪೆ ಎಂಬುದಕ್ಕೆ ಪರ್ಯಾಯವಾಯಿತು. ಆದರೆ ದಲ್ಲಾಳಿಗಳು ಇನ್ನೂ ಸೂಕ್ಷ್ಮವಾಗಿ ವಿಂಗಡಿಸುತ್ತಿದ್ದರು. ಅವರ ಬೆಲೆಪಟ್ಟಿಗಳಲ್ಲಿ ಧಾರವಾಡ, ಕುಮಟಾ ಎಂಬ ಎರಡು ಕನ್ನಡದ ಊರುಗಳ ಹೆಸರುಗಳು ಹತ್ತಿಯ ಜಾತಿಗಳ ಹೆಸರುಗಳಾಗಿ ಕಾಣಿಸಿಕೊಂಡವು. ಧಾರವಾಡ ಎಂದರೆ 1840ರ ದಶಕದಲ್ಲಿ ಅಮೆರಿಕದ ಬೀಜ ತಂದು ಆ ಜಿಲ್ಲೆಯಲ್ಲಿ ಬೆಳೆಸಿದ ತಳಿ. ಕುಮಟಾ ಎಂದರೆ ಅಲ್ಲಿಯ ನಾಟಿ ಹತ್ತಿ. ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ. ಹುಬ್ಬಳ್ಳಿ ಧಾರವಾಡಗಳ ಅಂಡಿಗೆಗಳು ಘಟ್ಟವಿಳಿದು ಆ ಬಂದರಿನಿಂದ ಬೊಂಬಾಯಿಗೆ ಹೋಗುತ್ತಿದ್ದುದರಿಂದ ಬೆಳೆಗೆ ಬಂದರಿನ ಹೆಸರು ಅಂಟಿಕೊಂಡಿತು. ಲಿವರ್‌ಪೂಲ್‌ನ ಭಾಷೆಯಲ್ಲಿ ಊರೆಂದರೆ ಸರಕು ಹಡಗು ಹತ್ತಿದ ಜಾಗವೇ ಹೊರತು ಬೆಳೆದ ಜಾಗವಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಕುಮಟಾಕ್ಕೆ ಡಾಕ್ ಇರಲಿಲ್ಲ. ತೆರೆದ ಕಡಲಿಗೆ ಮುಖ ಮಾಡಿದ ಆ ಬಂದರು ಮುಂಗಾರಿನ ತಿಂಗಳುಗಳಲ್ಲಿ ಮುಚ್ಚಿರುತ್ತಿತ್ತು. ಮಳೆಗೆ ಮುನ್ನ ಘಟ್ಟವಿಳಿಯದ ಚಕ್ಕಡಿಯ ಹತ್ತಿ ಮುಂದಿನ ಋತುವಿಗೆ ಕಾಯಬೇಕಾಗಿತ್ತು. ಧಾರವಾಡದ ಹತ್ತಿಗೆ ಕಾರವಾರದಂಥ ಮರೆಯುಳ್ಳ ಬಂದರು ಬೇಕೆಂಬ ಮ್ಯಾಂಚೆಸ್ಟರಿನ ಒತ್ತಾಯದ ಹಿನ್ನೆಲೆಯಲ್ಲಿಯೇ 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಬೊಂಬಾಯಿ ಪ್ರಾಂತಕ್ಕೆ ಸೇರಿತು. ಕರ್ನಾಟಕದ ಆಡಳಿತ ವಿಭಜನೆಯ ಚರ್ಚೆಯಲ್ಲಿ ಈ ಅಂಶಕ್ಕೆ ಇನ್ನಷ್ಟು ಗಮನ ಸಲ್ಲಬೇಕಾಗಿದೆ. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಗೋದಾಮಿನಲ್ಲಿ ಕಾಯಬಲ್ಲ ಸರಕು ಲಿವರ್‌ಪೂಲ್‌ನವರದಾಗಿತ್ತು. ಸಾಲ ಮಾಡಿ ಬಿತ್ತಿದ ರೈತನಿಗೆ ಆ ಅನುಕೂಲವಿರಲಿಲ್ಲ. 1888ರಲ್ಲಿ ಮಾರ್ಮಗೋವಾಕ್ಕೆ ರೈಲು ಬಂದ ಮೇಲೆ ಕುಮಟಾದ ವ್ಯಾಪಾರವೂ ಕ್ಷೀಣಿಸಿತು.

ಬಾಗಿಲ ಹೊರಗೆ ನಿಂತವರು

ಹಾರ್ಟ್ಲಿಯ ಗೋಡೆಯ ಹೊರಗೆ ದಿನಕ್ಕೆರಡು ಬಾರಿ, ಬೆಳಿಗ್ಗೆಯೂ ಮಧ್ಯಾಹ್ನವೂ, ಗಂಡಸರ ಗುಂಪು ಸೇರುತ್ತಿತ್ತು. ಮೇಸ್ತ್ರಿ ಬಂದು ಎದುರು ನಿಂತವರಲ್ಲಿ ತನಗೆ ಬೇಕಾದವರ ಹೆಗಲು ಮುಟ್ಟುತ್ತಿದ್ದನು. ಮುಟ್ಟಿಸಿಕೊಂಡವನಿಗೆ ಅರ್ಧ ದಿನದ ಕೆಲಸ, ಉಳಿದವರಿಗೆ ಇಲ್ಲ. ಕೆಲಸದ ಏರಿಳಿತಕ್ಕೆ ಹಡಗುಗಳ ಬರವು ಕಾರಣವೆಂಬ ಸಮರ್ಥನೆ ಇದ್ದಿತು. ಆದರೆ ಉಬ್ಬರದ ಏರಿಳಿತವನ್ನು 1715ರಲ್ಲಿಯೇ ಗೋಡೆ ಕಟ್ಟಿ ನಿವಾರಿಸಿದ ಬಂದರು, ಕೂಲಿಯ ಏರಿಳಿತವನ್ನು ಪ್ರಕೃತಿಯ ನಿಯಮವೆಂಬಂತೆ ಒಪ್ಪಿಕೊಂಡಿತು ಎಂಬುದು ಗಮನಾರ್ಹ.

ಕೆಲಸಕ್ಕೆ ಜನರ ಕೊರತೆ ಎಂದೂ ಇರಲಿಲ್ಲ. ಐರ್ಲೆಂಡಿನ ಆಲೂಗಡ್ಡೆ ಬರಗಾಲದ 1847ರ ಒಂದೇ ವರ್ಷದಲ್ಲಿ ಸುಮಾರು 3 ಲಕ್ಷ ಜನ ಲಿವರ್‌ಪೂಲ್‌ಗೆ ಬಂದಿಳಿದರು. ಹಲವು ಮಂದಿ ಅಮೆರಿಕಕ್ಕೆ ಹೋದರು. ಹಡಗಿನ ಬಾಡಿಗೆಗೆ ಗತಿಯಿಲ್ಲದವರು ಉತ್ತರದ ಡಾಕ್‌ಗಳ ಹಿಂದಿನ ಕೇರಿಗಳಲ್ಲಿ ಉಳಿದರು. ಎಲಿನರ್ ರಾತ್‌ಬೋನ್ 1904ರಲ್ಲಿ ಪ್ರಕಟಿಸಿದ ಲಿವರ್‌ಪೂಲ್ ಡಾಕ್ ಕಾರ್ಮಿಕರ ಸ್ಥಿತಿಗತಿಯ ವರದಿಯು ಈ ಪದ್ಧತಿಯ ಒಳಗನ್ನು ತೆರೆದು ತೋರಿಸಿತು. ಇಲ್ಲಿಯ ಮುಖ್ಯ ಸಂಗತಿ ದೂರ. ಸಾಲು ಏಳು ಮೈಲಿ ಉದ್ದ. ಹಮಾಲರನ್ನು ಆರಿಸುವ ತಾಣಗಳು ಅದರುದ್ದಕ್ಕೂ ಚದುರಿದ್ದವು. ಎಲ್ಲ ಕಡೆಯೂ ಕರೆ ಒಂದೇ ಹೊತ್ತಿಗೆ. ಒಂದು ಕಡೆ ನಿರಾಕೃತನಾದವನು ಇನ್ನೊಂದು ಕಡೆಗೆ ನಡೆದು ತಲಪುವಷ್ಟರಲ್ಲಿ ಅಲ್ಲಿಯ ಆಯ್ಕೆ ಮುಗಿದಿರುತ್ತಿತ್ತು. ಆದ್ದರಿಂದ ಒಂದೆಡೆ ಆಳಿನ ಕೊರತೆಯಿದ್ದ ದಿನವೇ ಮತ್ತೊಂದೆಡೆ ನೂರಾರು ಜನ ಬರಿಗೈಯಲ್ಲಿ ಮರಳುವುದು ಸಾಧ್ಯವಿತ್ತು. ಪ್ರತಿಯೊಬ್ಬ ಮಾಲಿಕನೂ ತನ್ನ ಅತಿ ಹೆಚ್ಚಿನ ಕೆಲಸದ ದಿನಕ್ಕೆ ಸಾಲುವಷ್ಟು ಜನರನ್ನು ತನ್ನ ಬಾಗಿಲಲ್ಲಿ ಕಾಯಿಸಿಟ್ಟುಕೊಂಡಿದ್ದನು. ಸರಕಿಗೆ ಗೋದಾಮಿನ ಬಾಡಿಗೆಯಿತ್ತು; ಕಾಯುವ ಮನುಷ್ಯನಿಗೆ ಬಾಡಿಗೆ ತೆರುವವರಿರಲಿಲ್ಲ.

1911ರ ಬೇಸಗೆಯ ಸಾರಿಗೆ ಮುಷ್ಕರವು ಹಡಗು, ಡಾಕ್, ರೈಲುಗಳ ಕಾರ್ಮಿಕರನ್ನು ಒಟ್ಟುಗೂಡಿಸಿತು. ಆಗಸ್ಟ್ 13ರಂದು ಸಭೆಯ ಮೇಲೆ ಪೊಲೀಸರು ಲಾಠಿ ಬೀಸಿದರು. 15ರಂದು ಸೈನಿಕರ ಗುಂಡಿಗೆ ಇಬ್ಬರು ಸತ್ತರು. ಮರುವರ್ಷ ಕಾರ್ಮಿಕರನ್ನು ನೋಂದಾಯಿಸಿ, ಲೋಹದ ಬಿಲ್ಲೆ ಕೊಟ್ಟು, ಉಳಿದವರನ್ನು ಬೇಕಾದ ಕಡೆಗೆ ಕಳಿಸುವ ಯೋಜನೆ ಬಂದಿತು. ಕೆಲವು ಕಾರ್ಮಿಕರೇ ಅದನ್ನು ವಿರೋಧಿಸಿದರು. ಬೇಕಾದ ದಿನ ಬಾರದಿರುವ ಸ್ವಾತಂತ್ರ್ಯವೊಂದೇ ಆ ಪದ್ಧತಿ ಅವರಿಗೆ ಕೊಟ್ಟಿದ್ದ ಸವಲತ್ತಾಗಿತ್ತು, ಅದನ್ನೂ ಬಿಟ್ಟುಕೊಡಲು ಅವರು ಸಿದ್ಧರಿರಲಿಲ್ಲ. ಎರಡನೆಯ ಮಹಾಯುದ್ಧದ ತುರ್ತು ಈ ವಿಷಯದಲ್ಲಿ ಸುಧಾರಕರಿಗಿಂತ ಹೆಚ್ಚು ಸಾಧಿಸಿತು. 1941ರ ಮೇ ಮೊದಲ ವಾರದ ಬಾಂಬು ದಾಳಿಯಲ್ಲಿ, ಹಸ್ಕಿಸನ್ ಡಾಕಿನಲ್ಲಿದ್ದ ಮಲಾಕಂಡ್ ಎಂಬ ಹಡಗು ಸುಮಾರು ಸಾವಿರ ಟನ್ ಮದ್ದುಗುಂಡಿನೊಡನೆ ಸಿಡಿಯಿತು. ಆ ಸ್ಥಿತಿಯಲ್ಲಿಯೂ ಬಂದರು ನಡೆಯಬೇಕಾದರೆ ಆಳುಗಳನ್ನು ಖಾಯಂ ಆಗಿ ಇರಿಸಿಕೊಳ್ಳುವುದು ಅನಿವಾರ್ಯವಾಗಿತ್ತು. 1947ರ ರಾಷ್ಟ್ರೀಯ ಯೋಜನೆಯು ಕೆಲಸ ಸಿಗದ ಹೊತ್ತಿನಲ್ಲಿ ಹಾಜರಾದವನಿಗೂ ಹಣ ಕೊಡಲು ತೊಡಗಿತು.  1967ರಲ್ಲಿ ದಿನಗೂಲಿ ಪದ್ಧತಿ ಕೊನೆಗೊಂಡು ಕಾರ್ಮಿಕರು ಖಾಯಂ ನೌಕರರಾದರು.

ಮರಳಿ ನದಿಗೆ

ಆ ಖಾಯಂ ನೌಕರಿ ಬಂದ ಹೊತ್ತಿಗೆ ಕಂಟೇನರುಗಳೂ ಬಂದವು. ಮೂಟೆ, ಪೀಪಾಯಿ, ಅಂಡಿಗೆಗಳನ್ನು ಬಿಡಿಬಿಡಿಯಾಗಿ ಎತ್ತುವ ಕೆಲಸವೇ ಕಣ್ಮರೆಯಾಗತೊಡಗಿತು. 1970ರ ದಶಕದ ಆರಂಭದಲ್ಲಿ ಉತ್ತರದ ತುದಿಯಲ್ಲಿ ಸೀಫೋರ್ತ್ ಡಾಕ್ ಕೆಲಸ ಆರಂಭಿಸಿತು. 1972ರಲ್ಲಿ ಆಲ್ಬರ್ಟ್ ಸೇರಿದಂತೆ ದಕ್ಷಿಣದ ಡಾಕ್‌ಗಳು ಮುಚ್ಚಿದವು. ಬಾಗಿಲು ತೆರೆದಿದ್ದ ಕೊಳಗಳಲ್ಲಿ ಮರ್ಸಿಯ ಹೂಳು ತುಂಬಿತು. ಇನ್ನೂರೈವತ್ತು ವರ್ಷಗಳ ಹಿಂದೆ ಸ್ಟಿಯರ್ಸ್ ಹೊರಗಟ್ಟಿದ್ದ ಕೆಸರು ಒಳಗೆ ಬಂದಿತು. 1980ರ ದಶಕದಲ್ಲಿ ಆಲ್ಬರ್ಟ್ ಡಾಕನ್ನು ದುರಸ್ತಿಪಡಿಸಿ ವಸ್ತುಸಂಗ್ರಹಾಲಯ, ಕಲಾಶಾಲೆ, ಅಂಗಡಿಗಳಿಗೆ ಕೊಡಲಾಯಿತು. 2007ರಲ್ಲಿ ಅಲ್ಲಿಯೇ ಗುಲಾಮಗಿರಿಯ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯವೂ ತೆರೆಯಿತು. 1947ರ ಯೋಜನೆಯನ್ನು 1989ರಲ್ಲಿ ರದ್ದುಗೊಳಿಸಲಾಯಿತು. 1995ರ ಸೆಪ್ಟೆಂಬರಿನಲ್ಲಿ ಸಹಕಾರ್ಮಿಕರ ಧರಣಿಯ ಸಾಲನ್ನು ದಾಟಲು ಒಪ್ಪದ ಸುಮಾರು 500 ಮಂದಿ ಕೆಲಸ ಕಳೆದುಕೊಂಡರು. 1998ರ ಜನವರಿಯವರೆಗೆ ಅವರು ಬಂದರಿನ ಬಾಗಿಲ ಹೊರಗೆ ನಿಂತರು. ಅವರ ಅಜ್ಜಂದಿರು ನಿಂತದ್ದೂ ಬಂದರಿನ ಬಾಗಿಲುಗಳ ಹೊರಗೆಯೇ.

ಯುನೆಸ್ಕೊ 2004ರಲ್ಲಿ ಈ ತೀರವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಹೊಸ ಕಟ್ಟಡಗಳಿಂದ ಅದರ ಸ್ವರೂಪ ಕೆಟ್ಟಿತೆಂದು 2021ರಲ್ಲಿ ಕೈಬಿಟ್ಟಿತು. ಹಾರ್ಟ್ಲಿಯ ಬ್ರಾಮ್ಲಿ-ಮೂರ್ ಡಾಕನ್ನು ಮರಳಿನಿಂದ ತುಂಬಿ ಕಟ್ಟಿದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ 2025ರಿಂದ ಪಂದ್ಯಗಳು ನಡೆಯುತ್ತಿವೆ. 1826ರಲ್ಲಿ ಮುಚ್ಚಿದ್ದ ಓಲ್ಡ್ ಡಾಕ್ 2001ರ ಉತ್ಖನನದಲ್ಲಿ ಮತ್ತೆ ಕಾಣಿಸಿಕೊಂಡಿತು. ಅದರ ಇಟ್ಟಿಗೆಗೋಡೆಯ ಒಂದು ಭಾಗವನ್ನು ಈಗ ವ್ಯಾಪಾರ ಮಳಿಗೆಗಳ ನೆಲಮಾಳಿಗೆಗೆ ಇಳಿದು ನೋಡಬಹುದು. ಬಂದರು ಮಾತ್ರ ನಿಂತಿಲ್ಲ. 2016ರಲ್ಲಿ ಆರಂಭವಾದ ಲಿವರ್‌ಪೂಲ್-2 ಎಂಬ ಕಂಟೇನರ್ ಕಟ್ಟೆಯನ್ನು 854 ಮೀಟರ್ ಉದ್ದಕ್ಕೆ ನದಿಯಲ್ಲಿಯೇ ಕಟ್ಟಲಾಗಿದೆ. ಡಾಕಿನ ಬಾಗಿಲಲ್ಲಿ ಹಿಡಿಸದಷ್ಟು ದೊಡ್ಡವಾದ ಹಡಗುಗಳಿಗಾಗಿ ನದಿಯ ತಳವನ್ನೇ ಆಳವಾಗಿ ತೋಡಿರುವುದರಿಂದ, ಅವು ಅಲ್ಲಿ ಇಳಿತದಲ್ಲಿಯೂ ತೇಲಿ ನಿಲ್ಲುತ್ತವೆ. ಅದಕ್ಕೆ ಬಾಗಿಲಿಲ್ಲ. ಕನ್ನಡದಲ್ಲಿ ಅದನ್ನು ಯಾವ ಸಂಕೋಚವೂ ಇಲ್ಲದೆ ದಕ್ಕೆ ಎಂದು ಕರೆಯಬಹುದು.